ನಡುಮನೆಯ ಲಂಗರು

ಲಂಗರಣ್ಣ ತೀರಿಕೊಂಡ ಮೇಲೆ ಮಾತಾಡಿಸಿ ಹೋಗಲು ಬಂದವರೆಲ್ಲ ಹೊಸ್ತಿಲು ದಾಟಿದ ಕೂಡಲೇ "ಅಯ್ಯೋ!" ಎಂದರು. ಅದು ದುಃಖದ ಅಯ್ಯೋ ಅಲ್ಲ. ನಡುಮನೆಯಲ್ಲಿ ಟೀವಿ ಮೇಜಿನ ಕೆಳಗಿನಿಂದ ಅರ್ಧ ಹೊರಗೆ ಚಾಚಿಕೊಂಡಿದ್ದ ಕಬ್ಬಿಣದ ಲಂಗರಿಗೆ ಹೆಬ್ಬೆರಳು ತಾಗಿ ಬಂದ ಅಯ್ಯೋ. ಅವರು ಕುಂಟುತ್ತ ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ, ಸಮಾಧಾನ ಹೇಳಬೇಕಾದವರಿಗೇ ಅವನ ಹೆಂಡತಿ ಪರದೆಯಕ್ಕ ಸಮಾಧಾನ ಹೇಳಬೇಕಾಗುತ್ತಿತ್ತು. "ಸ್ವಲ್ಪ ತಣ್ಣೀರು ಹಾಕ್ಕೊಳ್ಳಿ, ಊದಲ್ಲ. ನಮ್ಮನೆಗೆ ಬಂದವರಿಗೆಲ್ಲ ಆಗಿರೋದೇ" ಎನ್ನುತ್ತಿದ್ದಳು. ಸಾವಿನ ಮನೆಯಲ್ಲಿ ನಗಬಾರದೆಂದು ತುಟಿ ಕಚ್ಚಿಕೊಂಡವರೂ ಇದ್ದರು. ಅವನಿದ್ದಿದ್ದರೆ ಮೊದಲು ನಗುತ್ತಿದ್ದವನು ಅವನೇ.

ಅವನ ಕಸುಬು ಹಲ್ಲುಸೆಟ್ಟು ಮಾಡುವುದು. ಬಂದರಿನ ಬೀದಿಯಲ್ಲಿ ದಂತವೈದ್ಯರ ಕ್ಲಿನಿಕ್ಕಿನ ಹಿಂದೆ, ಹೊರಗಿನವರು ಉಗ್ರಾಣವೆಂದು ತಿಳಿದಿದ್ದ ಒಂದು ಇಕ್ಕಟ್ಟಾದ ಕೋಣೆ. ಒಂದು ಕಿಟಕಿ, ಒಂದು ಸ್ಪಿರಿಟ್ ದೀಪ, ಗುಲಾಬಿ ಬಣ್ಣದ ಮೇಣದ ಹಾಳೆಗಳು, ಗೋಡೆಯುದ್ದಕ್ಕೂ ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳು. ಊರಿನ ಅರ್ಧ ಹಿರಿಯರು ಅಲ್ಲಿ ಬಾಯಿ ಬಿಟ್ಟುಕೊಂಡು ಸಾಲಾಗಿ ಕೂತಿದ್ದರು. ಸಿದ್ಧವಾದ ಸೆಟ್ಟನ್ನು ಸಣ್ಣ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಿವಿಯ ಹತ್ತಿರ ಹಿಡಿದು ಕೇಳುವುದು ಅವನ ಕ್ರಮ. ಒಳಗೆ ಗಾಳಿಗುಳ್ಳೆ ಉಳಿದಿದ್ದರೆ ದನಿ ಬೇರೆಯಾಗುತ್ತದೆಯಂತೆ. ಈ ತಟ್ಟುವ ಚಟ ಆ ಕೋಣೆಯೊಳಗೇ ಉಳಿದಿದ್ದರೆ ಲೋಕಕ್ಕೇನೂ ತೊಂದರೆಯಿರಲಿಲ್ಲ. ಅವನು ಬಾಗಿಲು ತಟ್ಟಿದ, ಮಂಚ ತಟ್ಟಿದ, ಕಲ್ಲಂಗಡಿ ತಟ್ಟಿದ. ಮದುವೆಯ ಮಾತಿಗೆಂದು ಮಾವನ ಮನೆಗೆ ಹೋದಾಗ ಕುರ್ಚಿಯನ್ನು ತಟ್ಟಿ ನೋಡಿ ಆಮೇಲೆ ಕೂತ. "ಸದ್ಯ, ನನ್ನ ತಲೆ ತಟ್ಟಿ ನೋಡ್ಲಿಲ್ಲ" ಎಂದು ಪರದೆಯಕ್ಕ ಕೊನೆಯವರೆಗೂ ಹೇಳುತ್ತಿದ್ದಳು. "ತಟ್ಟಿದ್ರೆ ಒಳಗೇನೂ ಇಲ್ಲ ಅಂತ ಗೊತ್ತಾಗ್ತಿತ್ತು" ಎಂದು ಅವನು ಅಷ್ಟೇ ಸಲ ಉತ್ತರ ಕೊಟ್ಟಿರಬೇಕು.

ಅವಳು ಪರದೆ ಹೊಲಿಯುವವಳು. ಮನೆಗಳ ಕಿಟಕಿ, ಆಸ್ಪತ್ರೆಯ ವಾರ್ಡು, ನಾಟಕದ ರಂಗ, ಎಲ್ಲಕ್ಕೂ ಅವಳದೇ ಪರದೆ. ವಿಚಿತ್ರವೆಂದರೆ ಅವಳ ಸ್ವಂತ ಅಡುಗೆಮನೆಯ ಕಿಟಕಿಗೆ ಮಾತ್ರ ಪರದೆಯಿರಲಿಲ್ಲ. ಆ ಕಿಟಕಿಯಿಂದ ಸಮುದ್ರದ ನಡುವೆ ಒಂದು ದ್ವೀಪ ಕಾಣುತ್ತಿತ್ತು. ಅದರ ಮೇಲೆ ಆರಿಹೋದ ಒಂದು ದೀಪಸ್ತಂಭ. ಮದುವೆಯಾದ ಹೊಸತರಲ್ಲಿ ಪಾತ್ರೆ ತೊಳೆಯುತ್ತ ಅವಳು ಅಂದಿದ್ದಳು: "ರೀ, ಒಂದ್ಸಲ ಅಲ್ಲಿಗೆ ಹೋಗ್ಬೇಕು. ಅಲ್ಲಿಂದ ನೋಡಿದ್ರೆ ನಮ್ಮನೆ ಹೇಗೆ ಕಾಣುತ್ತೋ ಏನೋ."

"ಕರ್ಕೊಂಡು ಹೋಗ್ತೀನಿ" ಎಂದ ಅವನು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅಲ್ಲಿಂದಾಚೆಗಿನ ಅವನ ಬದುಕೆಲ್ಲ ಆ ಒಂದು ಮಾತಿನ ಬಾಲ.

ಆ ದ್ವೀಪದಲ್ಲಿ ಜನವಿಲ್ಲ, ಆದ್ದರಿಂದ ಲಾಂಚು ಹೋಗುವುದಿಲ್ಲ. ಆದರೆ ಪಕ್ಕದ ಮನೆಯ ಮೀನುಗಾರನಿಗೆ ಒಂದು ಮಾತು ಹೇಳಿದ್ದರೆ ಬೆಳಗ್ಗೆ ಕರೆದೊಯ್ದು ಮಧ್ಯಾಹ್ನದ ಊಟಕ್ಕೆ ವಾಪಸು ತಂದುಬಿಡುತ್ತಿದ್ದ. ಅವನಾಗಿಯೇ ಕರೆದದ್ದೂ ಉಂಟು. ಲಂಗರಣ್ಣ ಒಪ್ಪಲಿಲ್ಲ. "ಇನ್ನೊಬ್ಬರ ದೋಣೀಲಿ ಹೆಂಡ್ತೀನ ಕರ್ಕೊಂಡು ಹೋಗೋದು ಅಂದ್ರೆ ಇನ್ನೊಬ್ಬರ ಹಲ್ಲಲ್ಲಿ ಅಗಿದ ಹಾಗೆ. ನನ್ನದೇ ದೋಣಿ ಬರ್ಲಿ" ಎಂದ.

ದೋಣಿ ಬರುವ ಮೊದಲು ಲಂಗರು ಬಂತು. ಹಡಗು ಒಡೆಯುವವರ ಗುಜರಿಯಲ್ಲಿ ಅದು ಅವನ ಕಣ್ಣಿಗೆ ಬಿತ್ತು, ತಟ್ಟಿದ, ದೇವರೇ ಮಾತಾಡಿದ ಹಾಗೆ ಅದು ಟಣ್ ಎಂದಿತು. ಕೈಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೈಗಾಡಿಯನ್ನೂ ಗಂಡನನ್ನೂ ನೋಡಿ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ಕೇಳಿದ್ದೆ. ಇದು ಕೂಸು ಹುಟ್ಟೋಕೆ ಮುಂಚೆ ಒರಳುಕಲ್ಲು" ಎಂದಳು.

"ಹೊರಗಿಟ್ರೆ ತುಕ್ಕು ಹಿಡಿಯುತ್ತೆ. ಸ್ವಲ್ಪ ದಿನ ಒಳಗಿರ್ಲಿ."

ಆ ಸ್ವಲ್ಪ ದಿನದಲ್ಲಿ ಮಗಳು ಹುಟ್ಟಿದಳು, ಅದನ್ನು ಹಿಡಿದುಕೊಂಡೇ ಎದ್ದು ನಿಲ್ಲಲು ಕಲಿತಳು, ಮದುವೆಯಾಗಿ ಹೋದಳು. ಊರಿನವರು ಅವನ ಹೆಸರನ್ನೇ ಮರೆತು ಲಂಗರಣ್ಣ ಎಂದರು. ಕ್ಲಿನಿಕ್ಕಿನ ವೈದ್ಯರೂ ರೋಗಿಗಳಿಗೆ, "ನಿಮ್ಮ ಸೆಟ್ಟು ಲಂಗರಣ್ಣನ ಹತ್ರ ಇದೆ, ಅಲುಗಾಡೋ ಮಾತೇ ಇಲ್ಲ" ಎನ್ನುತ್ತಿದ್ದರು.

ದೋಣಿಯ ವಿಷಯದಲ್ಲಿ ಅವನ ಸಿದ್ಧಾಂತಗಳು ಗಟ್ಟಿಯಾಗಿದ್ದವು. ಒಂದು ದಿನವೂ ಸಮುದ್ರಕ್ಕೆ ಇಳಿಯದವನ ಸಿದ್ಧಾಂತಗಳು ಇರುವಷ್ಟೇ ಗಟ್ಟಿ. ಹಾಯಿದೋಣಿಯೇ ಆಗಬೇಕು, ಎಂಜಿನ್ನು ನಂಬುವುದೆಂದರೆ ಅಳಿಯನನ್ನು ನಂಬಿದ ಹಾಗೆ. ಅಡಿ ದಪ್ಪವಿರಬೇಕು. ಹೊಟ್ಟೆಯ ಕೆಳಗಿನ ಕೀಲು, ಅಂದರೆ ದೋಣಿ ಮಗುಚದ ಹಾಗೆ ನೀರಿನಾಳಕ್ಕೆ ಇಳಿಯುವ ಭಾರದ ಬೆನ್ನು, ಮುಂದಿನಿಂದ ಹಿಂದಿನವರೆಗೆ ಉದ್ದಕ್ಕಿರಬೇಕು, ಆಳಕ್ಕಿರಬೇಕು, ಸೀಸ ತುಂಬಿರಬೇಕು. ಚುಕ್ಕಾಣಿ ಆ ಕೀಲಿನ ಮರೆಯಲ್ಲಿ ಅವಿತಿರಬೇಕು. ಕಿಟಕಿಗಳು ಸಣ್ಣವಿರಬೇಕು, ದೊಡ್ಡ ಅಲೆ ಬಂದರೆ ಒಡೆಯಬಾರದು. ಒಟ್ಟಿನಲ್ಲಿ ಮೂರು ಮಹಾಸಾಗರ ದಾಟಿ ಬಿರುಗಾಳಿಯಲ್ಲಿ ಮೂರು ಸಲ ಮಗುಚಿ ಎದ್ದರೂ ಒಳಗಿಟ್ಟ ಚಹದ ಲೋಟ ಚೆಲ್ಲಬಾರದು. ಹೋಗಬೇಕಾಗಿದ್ದದ್ದು ಅಡುಗೆಮನೆಯಿಂದ ಕಾಣುವ ದ್ವೀಪಕ್ಕೆ.

ಮೊದಮೊದಲು ಇಂಥ ದೋಣಿಗಳಿಗೆ ಬರವಿರಲಿಲ್ಲ. ದೋಣಿ ದುರಸ್ತಿಯ ಯಾರ್ಡಿನಲ್ಲಿ ಮಾರಾಟಕ್ಕೆಂದು ಸಾಲಾಗಿ ನಿಂತಿರುತ್ತಿದ್ದವು. ಪ್ರತಿ ರಜಾದಿನ ಅವನು ಸುತ್ತಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಹೊರಡುತ್ತಿದ್ದ. ಅಲ್ಲಿ ಕ್ರೇನು ನಡೆಸುವವನು ಪರದೆಯಕ್ಕನ ತಮ್ಮ, ಭಾವ ಬಂದರೆ ಕ್ರೇನಿನ ಮೇಲಿಂದಲೇ ಕೂಗುತ್ತಿದ್ದ: "ಬಂದ್ರಪ್ಪಾ, ಡಾಕ್ಟ್ರು! ಎಲ್ಲ ದೋಣಿಗಳೂ ನಾಲಿಗೆ ಚಾಚಿ!"

ಭಾವ ಯಾವ ದೋಣಿಯನ್ನೂ ಒಪ್ಪುತ್ತಿರಲಿಲ್ಲ. ಒಂದಕ್ಕೆ ಮೇಲ್ಹಾಸಿನ ಹಲಗೆಯಡಿ ನೀರು ಇಳಿದು ಮೆತ್ತಗಾಗಿತ್ತು. ಇನ್ನೊಂದಕ್ಕೆ ಹಾಯಿಕಂಬದ ಬುಡದಲ್ಲಿ ಸಂಶಯ. ಮತ್ತೊಂದು ಎಲ್ಲ ರೀತಿಯಲ್ಲೂ ಸರಿಯಿತ್ತು. ಅಷ್ಟೊಂದು ಸರಿಯಿರುವುದನ್ನು ಮಾರುತ್ತಿರುವುದೇಕೆ ಎಂದು ಅದನ್ನೂ ಬಿಟ್ಟ. ಅದನ್ನು ಕೊಂಡ ಶಾಲಾಮಾಸ್ತರರು ಹೆಂಡತಿ ಮಕ್ಕಳೊಂದಿಗೆ ಎಷ್ಟೋ ವರ್ಷ ಓಡಾಡಿದರು. ಅದು ಬಂದರಿಗೆ ವಾಪಸು ಬರುವಾಗಲೆಲ್ಲ ಲಂಗರಣ್ಣ ದಡದಲ್ಲಿ ನಿಂತು, "ಈ ಸಲ ಉಳ್ಕೊಂಡ್ರು" ಎನ್ನುತ್ತಿದ್ದ.

"ನೀವು ದೋಣಿ ನೋಡ್ತಿಲ್ಲಾ ರೀ, ಅಳಿಯನ್ನ ಹುಡುಕ್ತಿದೀರಿ" ಎಂದಳು ಪರದೆಯಕ್ಕ ಒಮ್ಮೆ. "ಮಗಳಿಗೂ ಇಷ್ಟು ಗಂಡು ನೋಡ್ಲಿಲ್ಲ."

"ಗಂಡು ಕೈಕೊಟ್ರೆ ತವರಿಗೆ ಬರಬಹುದು. ದೋಣಿ ಕೈಕೊಟ್ರೆ?"

ಆಮೇಲೆ ಮಾರುಕಟ್ಟೆ ಮಗ್ಗುಲು ಬದಲಿಸಿತು. ಜನರಿಗೆ ಮನೆಯೊಳಗೆ ಕೂತು ಕೂತು ಸಾಕಾಗಿದ್ದ ಕಾಲ ಅದು. ದೇಶದ ಜನರೆಲ್ಲ ತಮ್ಮ ಪೂರ್ವಜರು ನಾವಿಕರೆಂದು ಒಮ್ಮೆಲೇ ಕಂಡುಕೊಂಡರು. ಫೋನು ತೆರೆದರೆ ಯಾರೋ ಗಂಡಹೆಂಡಿರು ನೌಕರಿ ಬಿಟ್ಟು, ನಾಯಿ ಸಮೇತ ದೋಣಿಯಲ್ಲಿ ವಾಸಿಸುತ್ತ, ಅದರ ಚಿತ್ರ ತೆಗೆಯುತ್ತ, ಸೂರ್ಯಾಸ್ತದೆದುರು ತಟ್ಟೆ ತೊಳೆಯುತ್ತಿದ್ದರು. ಪರದೆಯಕ್ಕ ಅದನ್ನು ನೋಡಿ, "ತಟ್ಟೆ ತೊಳೆಯೋದಕ್ಕೆ ಅಷ್ಟು ದೂರ ಹೋದ್ರಾ ಪಾಪ" ಎಂದಳು. ಯಾರ್ಡಿನಲ್ಲಿ ಹುಲ್ಲು ಬೆಳೆದು ನಿಂತಿದ್ದ ತೂತು ದೋಣಿಗಳೂ ರಾತ್ರಿ ಬೆಳಗಾಗುವುದರಲ್ಲಿ ಖಾಲಿಯಾದವು. ಲಂಗರಣ್ಣ ಸುತ್ತಿಗೆ ಎತ್ತುವಷ್ಟರಲ್ಲಿ ಇನ್ನೊಬ್ಬ, ದೋಣಿಯ ಮುಂದು ಯಾವುದು ಹಿಂದು ಯಾವುದು ಎಂದು ಕೇಳುತ್ತಲೇ, ಕೈಕುಲುಕಿ ಮುಗಿಸಿರುತ್ತಿದ್ದ.

ಆ ಕಾಲದಲ್ಲೇ ದೋಣಿ ದಲ್ಲಾಳಿ ಊರಿಗೆ ಬಂದ. ಕಪ್ಪು ಕನ್ನಡಕವನ್ನು ಕಣ್ಣಿಗೆ ಹಾಕದೆ ತಲೆಯ ಮೇಲೆ ಏರಿಸಿಕೊಳ್ಳುವ ಮನುಷ್ಯ. ಹಳೆಯದು ಮುಗಿದ ಮೇಲೆ ಅವನು ಹೊಸದನ್ನು ತರಿಸಿ ನಿಲ್ಲಿಸಿದ. ಹಿಂಭಾಗ ಹಾಸಿಗೆಯಷ್ಟು ಅಗಲ, ಹೊಟ್ಟೆ ತಟ್ಟೆಯಷ್ಟು ಚಪ್ಪಟೆ, ಬದಿಯುದ್ದಕ್ಕೂ ಗಾಜು.

"ಬನ್ನಿ ಸಾರ್, ಚಪ್ಪಲಿ ಬಿಟ್ಟು ಬನ್ನಿ. ಮೂರು ಬೆಡ್‌ರೂಮು, ಎರಡು ಬಾತ್‌ರೂಮು. ಇಲ್ನೋಡಿ, ಪಾನೀಯಕ್ಕೇ ಅಂತ ಪ್ರತ್ಯೇಕ ಫ್ರಿಜ್ಜು. ತೇಲೋ ಅಪಾರ್ಟ್‌ಮೆಂಟು ಸಾರ್ ಇದು!"

"ಅಪಾರ್ಟ್‌ಮೆಂಟು ನೆಲದ ಮೇಲೇ ಇದ್ಯಲ್ಲಪ್ಪ. ಅದು ಮುಳುಗೋದೂ ಇಲ್ಲ" ಎಂದ ಲಂಗರಣ್ಣ. ಸುತ್ತಿಗೆ ತೆಗೆದು ಬದಿಗೆ ತಟ್ಟಿದ. ಖಾಲಿ ಡಬ್ಬದ ಸದ್ದು ಬಂತು.

"ಅಯ್ಯೋ, ಹೊಡೀಬೇಡಿ ಸಾರ್!"

"ಹೊಡೀತಿಲ್ಲ, ಮಾತಾಡಿಸ್ತಿದೀನಿ. ಬಿರುಗಾಳಿ ಬಂದ್ರೆ ಇದು ಏನು ಮಾಡುತ್ತೆ?"

"ಬಿರುಗಾಳಿ ಬಂದ್ರೆ ಯಾರು ಸಾರ್ ಹೋಗ್ತಾರೆ? ಈಗಿನ ಕಸ್ಟಮರ್ ಬಂದರಲ್ಲೇ ಇರ್ತಾರೆ. ಸಂಜೆ ಹೊತ್ತು ಲೈಟು ಹಾಕ್ಕೊಂಡು ಕೂತ್ಕೋತಾರೆ."

ಮನೆಗೆ ಬಂದು ಲಂಗರಣ್ಣ ಹೆಂಡತಿಗೆ ವರದಿ ಒಪ್ಪಿಸಿದ: "ಎಲ್ಲಾ ಮುಂದಿನ ಹಲ್ಲೇ ಕಣೆ. ನಗೋದಕ್ಕೆ ಸರಿ. ದವಡೆ ಹಲ್ಲು ಒಂದೂ ಇಲ್ಲ."

ದಲ್ಲಾಳಿ ಹೇಳಿದ್ದು ಸುಳ್ಳಾಗಿರಲಿಲ್ಲ. ಹೊಸ ದೋಣಿಗಳು ಬಂದರು ಬಿಟ್ಟು ಕದಲಲಿಲ್ಲ. ಕಟ್ಟೆಯುದ್ದಕ್ಕೂ ಕರೆಂಟಿನ ಕಂಬ, ನೀರಿನ ನಲ್ಲಿ, ತೇಲುವ ಹಲಗೆದಾರಿ, ಕೊನೆಯಲ್ಲೊಂದು ಹೋಟೆಲು ಬಂದವು. ಬಂದರಿನ ಆಡಳಿತದವರು ತಳದ ಹೂಳೆತ್ತುವ ಯಂತ್ರವನ್ನು ಮಾರಿಬಿಟ್ಟರು. ಚಪ್ಪಟೆ ಹೊಟ್ಟೆಯ ದೋಣಿಗೆ ಮೊಣಕಾಲುದ್ದ ನೀರು ಸಾಕು. ಹೊರಗೇ ಹೋಗದಿದ್ದರೆ ಅದೂ ಹೆಚ್ಚು. ಯಂತ್ರ ನಿಂತಿದ್ದ ಜಾಗದಲ್ಲಿ ಕಾರಂಜಿಯೊಂದು ಚಿಮ್ಮತೊಡಗಿತು. ಲಂಗರಣ್ಣ ದಿನಾ ಅದರ ಪಕ್ಕದಲ್ಲೇ ಕೆಲಸಕ್ಕೆ ನಡೆದು ಹೋಗುತ್ತಿದ್ದ. ನೀರು ಮೇಲೆ ಹೋಗುವುದನ್ನು ನೋಡಿದ. ಕೆಳಗೆ ಎಷ್ಟಿದೆ ಎಂದು ನೋಡಲಿಲ್ಲ.

ಹುಚ್ಚು ಇಳಿಯಿತು. ಸೂರ್ಯಾಸ್ತದಲ್ಲಿ ತಟ್ಟೆ ತೊಳೆಯುತ್ತಿದ್ದವರು ನೌಕರಿಗೆ ಮರಳಿದರು. ಹೊಸ ದೋಣಿಗಳನ್ನು ಕೊಂಡವರು ಮಾರಲು ಪರದಾಡಿದರು. ಹಳೆಯ ಭಾರದ ದೋಣಿಗಳನ್ನಂತೂ ಕೇಳುವ ನಾಯಿಯಿರಲಿಲ್ಲ. ಆಗ ಬಂತು ಅದು, ಯಾರ್ಡಿನ ಹಿಂದಿನ ಮೂಲೆಗೆ, ಒಡೆದು ಹಾಕಲೆಂದು ತಂದದ್ದು. ಕರ್ರಗೆ, ಕುಳ್ಳಗೆ, ಎಮ್ಮೆಯಂತೆ ನಿಂತಿತ್ತು. ಲಂಗರಣ್ಣ ಬೆಳಗ್ಗೆ ತಟ್ಟಲು ಶುರು ಮಾಡಿದವನು ಮಧ್ಯಾಹ್ನವಾದರೂ ಮುಗಿಸಲಿಲ್ಲ. ಮೂತಿಯಿಂದ ಬಾಲದವರೆಗೆ ಒಂದೇ ದನಿ. ಮೊಣಕೈ ಊರಿ ತಳಕ್ಕೆ ತೆವಳಿ ಅಲ್ಲೂ ತಟ್ಟಿದ. ಕೊನೆಗೆ ಹೊರಬಂದಾಗ ಅವನ ಮುಖವೆಲ್ಲ ಮಸಿ, ಕಣ್ಣಲ್ಲಿ ನೀರು.

"ಏನು ಭಾವ, ಇದಕ್ಕೆ ಏನು ಕಾಯಿಲೆ?" ಎಂದ ಕ್ರೇನಿನವನು.

"ಏನೂ ಇಲ್ಲ ಕಣೋ" ಎಂದ ಅವನು. "ಏನೂ ಇಲ್ಲ."

ದೋಣಿ ಅವನದಾಯಿತು. ಪರದೆಯಕ್ಕ ಹರಿದ ಹಾಯಿಗಳನ್ನು ನಡುಮನೆಯಲ್ಲಿ ಹರಡಿ, ನಾಟಕದ ಪರದೆ ಹೊಲಿಯುವ ಸೂಜಿಯಿಂದ ತೇಪೆ ಹಾಕಿದಳು. ದೋಣಿಯ ಜೊತೆಗೆ ಅದರದೇ ಲಂಗರೊಂದು ಬಂದಿತ್ತು, ಇನ್ನೂ ಒಳ್ಳೆಯದು. ಹಾಗಾಗಿ ಮನೆಯ ಲಂಗರು ಮನೆಯಲ್ಲೇ ಉಳಿಯಿತು. ಭಾವಮೈದ ಕ್ರೇನಿನಲ್ಲಿ ಎತ್ತಿ, ಉಬ್ಬರದ ಹೊತ್ತಿಗೆ ನೀರಿಗಿಳಿಸಿದ. ಹೋಟೆಲಿನಲ್ಲಿ ಕೂತಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಲಂಗರಣ್ಣ ಚುಕ್ಕಾಣಿ ಹಿಡಿದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಂದರಿನ ಬಾಯಿಯ ಕಡೆಗೆ ತಿರುಗಿಸಿದ. ಅರ್ಧ ದಾರಿಯಲ್ಲಿ ದೋಣಿ ಮೆತ್ತಗೆ, ಗೌರವದಿಂದ ಎಂಬಂತೆ, ನಿಂತಿತು.

"ಯಾಕೆ ನಿಲ್ಲಿಸಿದ್ರಿ?" ಎಂದಳು ಪರದೆಯಕ್ಕ.

"ನಾನು ನಿಲ್ಲಿಸ್ಲಿಲ್ಲ."

ನೀರು ಇಳಿಯಿತು. ದೋಣಿ ಇಳಿಯಲಿಲ್ಲ. ಒಸಡಿನಲ್ಲಿ ಕೂತ ದವಡೆ ಹಲ್ಲಿನಂತೆ, ಉದ್ದನೆಯ ಕೀಲನ್ನು ಹೂಳಿನಲ್ಲಿ ಊರಿ, ನೆಟ್ಟಗೆ ನಿಂತುಕೊಂಡಿತು. ಪ್ರತಿಯೊಂದು ಮೊಳೆಯನ್ನೂ ಅಳೆದವನು ಬಂದರಿನ ಬಾಗಿಲನ್ನು ಅಳೆದಿರಲಿಲ್ಲ. ಅವನ ತಲೆಯಲ್ಲಿದ್ದದ್ದು ಮಹಾಸಾಗರ. ಮಹಾಸಾಗರದಲ್ಲಿ ನೀರಿಗೇನು ಕೊರತೆ? ದಲ್ಲಾಳಿ ಹಲಗೆದಾರಿಯ ತುದಿಗೆ ಬಂದು ಕನ್ನಡಕವನ್ನು ಮೊದಲ ಬಾರಿಗೆ ಕಣ್ಣಿಗಿಳಿಸಿ ನೋಡಿ, "ಸಮುದ್ರ ಆಳವಾಗೇ ಇದೆ ಸಾರ್. ಅಲ್ಲೀವರೆಗೆ ಹೋಗೋದೇ ಸ್ವಲ್ಪ ಸಮಸ್ಯೆ" ಎಂದ.

ಮುಂದಿನ ಉಬ್ಬರಕ್ಕೆ ಹಗ್ಗ ಕಟ್ಟಿ ಎಳೆದು ಕಟ್ಟೆಗೆ ತಂದರು. ವರ್ಷದಲ್ಲಿ ಅಪರೂಪಕ್ಕೆ ಬರುವ ದೊಡ್ಡ ಉಬ್ಬರದಲ್ಲಿ ಮಾತ್ರ ಅದು ಹೂಳನ್ನು ದಾಟಬಲ್ಲದು ಎಂದು ಲೆಕ್ಕವಾಯಿತು. "ಇಷ್ಟು ವರ್ಷ ಕಾದಿದೀವಿ" ಎಂದ ಲಂಗರಣ್ಣ. ಇಬ್ಬರೂ ಸಂಜೆ ಹೊತ್ತು ದೋಣಿಯೊಳಗೆ ಕೂತು ಚಹ ಕುಡಿಯತೊಡಗಿದರು. ಸುತ್ತಲಿನ ಚಪ್ಪಟೆ ದೋಣಿಗಳು ಅಲೆಗೆ ತೊಟ್ಟಿಲಿನಂತೆ ತೂಗುತ್ತಿದ್ದರೆ ಇದು ಮಾತ್ರ ಅಲುಗದೆ ನಿಂತಿರುತ್ತಿತ್ತು. ಲೋಟ ಒಂದು ದಿನವೂ ಚೆಲ್ಲಲಿಲ್ಲ.

ದೊಡ್ಡ ಉಬ್ಬರ ಬರುವ ಮೊದಲೇ ಅವನ ಎದೆ ನೋಯಿತು. ಆಸ್ಪತ್ರೆಯಲ್ಲಿ ವೈದ್ಯರು ಎದೆಗೆ ಬೆರಳಿಟ್ಟು ತಟ್ಟಿದಾಗ ಅವನು ತಲೆ ವಾರೆ ಮಾಡಿ ಆ ಸದ್ದನ್ನು ಕೇಳಿಸಿಕೊಂಡ. ಅವನಿಗೆ ಏನು ಕೇಳಿಸಿತೆಂದು ಪರದೆಯಕ್ಕನಿಗೆ ಅರ್ಥವಾಗದೆ ಇರಲಿಲ್ಲ. ಹಾಯಿ ಎಳೆಯುವುದು, ಭಾರ ಎತ್ತುವುದು ಇನ್ನು ಕನಸಿನ ಮಾತು ಎಂದು ವೈದ್ಯರು ಅವಳಿಗೆ ಬೇರೆಯಾಗಿ ಹೇಳಿದ್ದರು. ಮನೆಗೆ ಬಂದ ಮೇಲೆ ಅವಳು ಅಡುಗೆಮನೆಗೆ ಹೋಗಿ, ಜೀವನದಲ್ಲಿ ಮೊದಲ ಸಲ, ಆ ಕಿಟಕಿಗೆ ಒಂದು ಪರದೆ ಹೊಲಿದು ಹಾಕಿದಳು.

ಬೆಳಗ್ಗೆ ಎದ್ದು ಲಂಗರಣ್ಣ ಆ ಪರದೆಯನ್ನು ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದ. ಮೀನುಗಾರ ಅಂಗಳದಲ್ಲಿ ಬಲೆ ಬಿಡಿಸುತ್ತಿದ್ದ. ಮೇಲಿನದೂ ಕೆಳಗಿನದೂ ಎರಡು ಸಾಲೂ ಲಂಗರಣ್ಣನ ಕೈಯಿಂದ ಆದ ಬಾಯಿ ಅವನದು.

"ದ್ವೀಪಕ್ಕೆ ಕರ್ಕೊಂಡು ಹೋಗ್ತೀಯೇನಯ್ಯ? ಇಬ್ಬರು" ಎಂದ ಲಂಗರಣ್ಣ, ನೆಲ ನೋಡುತ್ತ. "ನಾನು ಹಿಂದೆ ಏನೇನೋ ಅಂದಿದ್ದೆ. ಇನ್ನೊಬ್ಬರ ಹಲ್ಲು ಅಂತೆಲ್ಲ."

ಮೀನುಗಾರ ಬಾಯಿ ತುಂಬ ನಕ್ಕ. "ನೀನು ಮಾಡಿದ ಹಲ್ಲಲ್ಲೇ ತಾನೆ ನಾನು ದಿನಾ ಅಗಿಯೋದು? ನನ್ನ ದೋಣೀಲಿ ಒಂದು ದಿನ ಕೂತ್ರೆ ನಿನ್ನ ಗಂಟೇನು ಹೋಗುತ್ತೆ? ಇವತ್ತೇ ಹೊರಡೋಣ ಅಂದ್ರೆ, ನನ್ನ ಲಂಗರು ಬಂಡೆಗೆ ಸಿಕ್ಕಿ ಹೋಯ್ತು ಮೊನ್ನೆ. ಅಲ್ಲಿ ಕಟ್ಟೆ ಇಲ್ಲ, ಲಂಗರು ಹಾಕದೆ ನಿಲ್ಲೋ ಹಾಗಿಲ್ಲ."

ಲಂಗರಣ್ಣ ತಲೆ ಎತ್ತಿದ. ಆ ಮುಖವನ್ನು ನೋಡಬೇಕಿತ್ತು ಎಂದು ಮೀನುಗಾರ ಈಗಲೂ ಹೇಳುತ್ತಾನೆ.

ಭಾವಮೈದ ಬಂದ. ಅವನೂ ಮೀನುಗಾರನೂ ಸೇರಿ ಟೀವಿ ಮೇಜಿನ ಕೆಳಗಿನಿಂದ ಲಂಗರನ್ನು ಎಳೆದರು. ಅದು ಇದ್ದ ಜಾಗದಲ್ಲಿ ನೆಲದ ಮೇಲೆ ಅದರದೇ ಆಕಾರದ ಬಿಳಿ ಗುರುತು. "ಅಕ್ಕಾ, ನಿಮ್ಮನೆ ನೆಲ ಈ ಬಣ್ಣದ್ದಾ?" ಎಂದ ತಮ್ಮ. ಲಂಗರಣ್ಣ ಕೈ ಹಚ್ಚಲು ಬಂದರೆ ಪರದೆಯಕ್ಕ, "ನೀವು ದಾರಿ ಬಿಡಿ, ಅಷ್ಟೇ ದೊಡ್ಡ ಸಹಾಯ" ಎಂದು ಗದರಿದಳು. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಮೀನುಗಾರನ ಪುಟ್ಟ ದೋಣಿಯ ಮುಂದುಗಡೆ ಅದನ್ನು ಇಟ್ಟಾಗ ಮೂತಿ ನೀರಿಗೆ ಬಾಗಿ, ಹಿಂಭಾಗ ಮೇಲೆದ್ದಿತು. ಸಮತೂಕಕ್ಕೆ ಗಂಡಹೆಂಡಿರಿಬ್ಬರೂ ಹಿಂದಿನ ಹಲಗೆಯ ಮೇಲೆ ಒತ್ತಿಕೊಂಡು ಕೂರಬೇಕಾಯಿತು.

ಬಂದರಿನ ಬಾಯಿಯನ್ನು ಆ ದೋಣಿ ಏನೂ ಇಲ್ಲವೆಂಬಂತೆ ದಾಟಿತು. ದಾಟುವಾಗ ಲಂಗರಣ್ಣ ಜೇಬಿನಿಂದ ಸುತ್ತಿಗೆ ತೆಗೆದು ಬದಿಯ ಹಲಗೆಗೆ ಮೆಲ್ಲಗೆ ತಟ್ಟಿದ.

"ಹೇಗಿದೆ?" ಎಂದಳು ಹೆಂಡತಿ.

"ಒಳಗೆಲ್ಲ ಕೊಳೆತಿದೆ" ಎಂದು ಅವಳ ಕಿವಿಯಲ್ಲಿ ಹೇಳಿದ. ಸುತ್ತಿಗೆಯನ್ನು ಜೇಬಿಗೆ ಹಾಕಿಕೊಂಡು, ಅವಳ ಕೈ ಹಿಡಿದುಕೊಂಡ.

ದ್ವೀಪದ ಬಳಿ ಲಂಗರು ನೀರಿಗೆ ಬಿದ್ದದ್ದು ಹೇಗೆಂದರೆ ಮೂವರೂ ತೊಯ್ದರು. ಅದು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ ವಾಪಸು ಎತ್ತುವಾಗ ಮೀನುಗಾರನಿಗೆ ಹಲ್ಲು ಕಚ್ಚಬೇಕಾಯಿತು, ಸೆಟ್ಟು ಅಲುಗಲಿಲ್ಲ. ದ್ವೀಪದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಹಕ್ಕಿಗಳ ಹಿಕ್ಕೆ, ಮುರಿದ ಮೆಟ್ಟಿಲು, ಗಾಳಿ. ದೀಪಸ್ತಂಭದ ಬುಡದಲ್ಲಿ ಇಬ್ಬರೂ ಕೂತರು. ಆಚೆ ದಡದಲ್ಲಿ ಊರು ಕಾಣುತ್ತಿತ್ತು. ಚಪ್ಪಟೆ ದೋಣಿಗಳು ಯಾವುವೂ ಕಾಣಲಿಲ್ಲ. ಒಂದು ಹಾಯಿಕಂಬ ಮಾತ್ರ ಅಲುಗದೆ ನಿಂತಿತ್ತು. ಅದರ ಎಡಕ್ಕೆ ಸ್ವಲ್ಪ ಮೇಲೆ ಅವರ ಅಡುಗೆಮನೆಯ ಕಿಟಕಿ.

"ಪರದೆ ಕಾಣುತ್ತೆ" ಎಂದಳು ಪರದೆಯಕ್ಕ. "ಹಳದಿ ಬಣ್ಣ ಆರಿಸಿದ್ದು ಒಳ್ಳೇದಾಯ್ತು."

"ಸೊಟ್ಟ ಕಟ್ಟಿದೀಯ" ಎಂದ ಅವನು.

ಸಂಜೆ ಲಂಗರು ಮತ್ತೆ ಟೀವಿ ಮೇಜಿನ ಕೆಳಗೆ ಬಂದು ಕೂತಿತು. ಅದಾದ ಮೇಲೆ ಅವನು ಬಹಳ ದಿನ ಉಳಿಯಲಿಲ್ಲ. ಕೆಲಸದ ಮೇಜಿನ ಮುಂದೆ, ಅರ್ಧ ಮುಗಿದ ಸೆಟ್ಟೊಂದರ ಎದುರು ಕೂತಲ್ಲೇ ಹೋದ. ಆ ಸೆಟ್ಟನ್ನು ಬೇರೆ ಊರಿನಲ್ಲಿ ಮುಗಿಸಿ ತಂದರು. ಅದು ಅಲುಗಾಡುತ್ತದೆ ಎಂದು ಅದರ ಯಜಮಾನರು ಸಿಕ್ಕವರಿಗೆಲ್ಲ ಹೇಳುತ್ತಾರೆ. ಲಂಗರಣ್ಣನ ಗೆಳೆಯರಿಗೆ ಅದನ್ನು ಕೇಳಿ ಒಂದು ಬಗೆಯ ನೆಮ್ಮದಿ.

ಮಾತಾಡಿಸಲು ಬಂದವರ ಸಾಲಿನಲ್ಲಿ ದಲ್ಲಾಳಿಯೂ ಬಂದಿದ್ದ, ಎಲ್ಲರಂತೆ ಎಡವಿ ಅಯ್ಯೋ ಎಂದಿದ್ದ. ಕೆಲವು ತಿಂಗಳ ನಂತರ ಮತ್ತೆ ಬಂದ. ಈ ಸಲ ಬಾಗಿಲಲ್ಲೇ ಎಚ್ಚರಗೊಂಡು, ಟೀವಿ ಮೇಜಿನ ಹತ್ತಿರ ಬಂದಾಗ ಕಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ ದಾಟಿ ಕುರ್ಚಿಯಲ್ಲಿ ಕೂತ.

"ಅಮ್ಮಾ, ಮಾರ್ಕೆಟ್ ಮತ್ತೆ ಬದಲಾಗಿದೆ. ಈಗ ಎಲ್ಲರಿಗೂ ಹಳೇ ದೋಣಿ ಬೇಕಂತೆ. ಭಾರದ್ದು, ಕೀಲು ಉದ್ದ ಇರೋದು. ಗಟ್ಟಿತನವೇ ಈಗಿನ ಫ್ಯಾಷನ್ನು. ನಿಮ್ಮದಕ್ಕೆ ಒಬ್ರು ಪಾರ್ಟಿ ಇದಾರೆ."

"ಕೊಡೋಣ" ಎಂದಳು ಪರದೆಯಕ್ಕ, ಹೊಲಿಗೆ ಯಂತ್ರ ನಿಲ್ಲಿಸದೆ. "ಮೊದಲು ಅವರು ಬಂದರಿನ ಬಾಗಿಲು ಅಳೆದುಕೊಂಡು ಬರ್ಲಿ."

"ಜೊತೆಗೆ ಆ ಲಂಗರನ್ನೂ ಕೇಳ್ತಿದಾರೆ. ಹಳೇ ಕಾಲದ್ದು, ಹೋಟೆಲಿನ ಮುಂದೆ ಶೋಗೆ ಇಡ್ತಾರಂತೆ."

ಅವಳು ಯಂತ್ರ ನಿಲ್ಲಿಸಿದಳು. "ಅದು ಇಲ್ವಲ್ಲ."

ದಲ್ಲಾಳಿ ತಿರುಗಿ ನೋಡಿದ. ಅವನು ಅಷ್ಟು ಜೋಪಾನವಾಗಿ ಕಾಲೆತ್ತಿ ದಾಟಿದ ಜಾಗದಲ್ಲಿ ಬಿಳಿ ಗುರುತೊಂದು ಬಿಟ್ಟರೆ ಏನೂ ಇರಲಿಲ್ಲ.

"ಪಕ್ಕದ ಮನೆಯವನ ಜೊತೆ ಕೆಲಸಕ್ಕೆ ಹೋಗಿದೆ" ಎಂದಳು ಪರದೆಯಕ್ಕ. "ಸಂಜೆಗೆ ಬರುತ್ತೆ."